ಹಾಲು ಬತ್ತಿಸಿದ ಮೇಲಿನ 60 ದಿನ

ನಮ್ಮದು ಶ್ರೀನಿವಾಸಪುರದ ಕಡೆ ಒಂದು ಹಳ್ಳಿ. ಸ್ವಲ್ಪ ಮಾವು, ಸ್ವಲ್ಪ ರಾಗಿ, ಅರ್ಧ ಎಕರೆ ಹಿಪ್ಪುನೇರಳೆ. ಕೊಟ್ಟಿಗೆಯಲ್ಲಿ ನಾಲ್ಕು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು. ಡೈರಿಗೆ ಹಾಲು ಹಾಕಿದರೇನೇ ಮನೆ ಖರ್ಚು ನಡೆಯುವುದು.

ಹಾಲು ಕೊಡದ ಹಸುವಿಗೆ ಹಿಂಡಿ ಯಾಕೆ ಅಂತ ನಾನೂ ಅಂದುಕೊಂಡಿದ್ದವಳೇ. ಗೌರಿ ಎರಡನೇ ಗಬ್ಬದಲ್ಲಿ ಏಳು ತಿಂಗಳು ತುಂಬಿದಾಗ ಹಾಲು ನಿಲ್ಲಿಸಿ, ಫೀಡನ್ನೂ ನಿಲ್ಲಿಸಿಬಿಟ್ಟೆ. ಬರೀ ರಾಗಿ ಹುಲ್ಲು ಮತ್ತು ನೀರು. ಕರು ಹಾಕುವ ಹೊತ್ತಿಗೆ ಅವಳ ಪಕ್ಕೆಲುಬು ಎಣಿಸುವ ಹಾಗಿತ್ತು. ಕರು ಸಣ್ಣದು. ಕಸ, ಅಂದರೆ ಮಾಸು, ಬೀಳಲಿಲ್ಲ. ಹಾಲು ಏರಲೇ ಇಲ್ಲ. ಹೊಟ್ಟೆಯಲ್ಲಿರುವ ಕರು ಅರ್ಧಕ್ಕಿಂತ ಜಾಸ್ತಿ ಬೆಳೆಯುವುದು ಕೊನೆಯ ಎರಡು ಮೂರು ತಿಂಗಳಲ್ಲೇ. ಅದೇ ಸಮಯದಲ್ಲಿ ನಾನು ಅವಳ ಮೇವು ಕಡಿದಿದ್ದೆ.

ಮುಂದಿನ ಸಲ ಹಾಗಾಗಬಾರದು ಅಂತ ಕೈ ಬಿಚ್ಚಿ ತಿನ್ನಿಸಿದೆ. ಹಿಂಡಿ, ಬೂಸಾ, ದಿನಾ ಒಂದು ಹೊರೆ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು. ಯಾರೋ ಹೇಳಿದರು ಅಂತ ಕ್ಯಾಲ್ಸಿಯಂ ಟಾನಿಕ್ ಕೂಡ, ಒಂದು ತಿಂಗಳು ತಪ್ಪದೆ.

ಬೆಳಗಿನ ಜಾವ ಕರು ಹಾಕಿದಳು. ಸಂಜೆ ಹಾಲು ಕರೆಯಲು ಹೋದರೆ ಏಳುತ್ತಿಲ್ಲ. ಕತ್ತು ಹೊಟ್ಟೆಯ ಕಡೆ ತಿರುಗಿಸಿಕೊಂಡು ಮಲಗಿದ್ದಳು. ಕಿವಿ ಮುಟ್ಟಿದರೆ ತಣ್ಣಗೆ, ಮೂಗು ಒಣಗಿತ್ತು. ಡಾಕ್ಟರು ಬಂದವರೇ ಕೇಳಿದರು: ‘ಏನಮ್ಮಾ, ಗಬ್ಬದಲ್ಲಿ ಕ್ಯಾಲ್ಸಿಯಂ ಕುಡಿಸ್ತಿದ್ರಾ?’

‘ಹೌದು ಸಾರ್, ಒಂದು ತಿಂಗಳಿಂದ.’

‘ಅದೇ ತಪ್ಪಾಗಿದ್ದು.’

ಕತ್ತಿನ ನರಕ್ಕೆ ಕ್ಯಾಲ್ಸಿಯಂ ಬಾಟಲಿ ನಿಧಾನವಾಗಿ ಇಳಿಸಿದರು. ನಾನು ಬಾಟಲಿ ಎತ್ತಿ ಹಿಡಿದು ನಿಂತಿದ್ದೆ. ಬಾಟಲಿ ಮುಗಿಯುತ್ತಾ ಬಂದ ಹಾಗೆ ಅವಳ ಮೈ ಸಣ್ಣಗೆ ನಡುಗಿತು. ಒಂದು ತೇಗು ಬಂತು. ಸಗಣಿ ಹಾಕಿದಳು. ಸ್ವಲ್ಪ ಹೊತ್ತಿಗೆ ಹಿಂಗಾಲು ಊರಿ ಎದ್ದು ನಿಂತಳು. ಅವಳ ಕತ್ತು ಹಿಡಿದುಕೊಂಡು ಅತ್ತುಬಿಟ್ಟೆ.

ಡಾಕ್ಟರು ಹೇಳಿದ್ದು ಇಷ್ಟು. ಹಸುವಿನ ಮೂಳೆಯಲ್ಲೇ ಬೇಕಾದಷ್ಟು ಕ್ಯಾಲ್ಸಿಯಂ ಇರುತ್ತದೆ. ಗಬ್ಬದ ಕೊನೆಯಲ್ಲಿ ಬಾಯಿಂದಲೇ ದಿನಾ ಜಾಸ್ತಿ ಸಿಕ್ಕಿದರೆ ಮೂಳೆಯಿಂದ ತೆಗೆದುಕೊಳ್ಳುವ ಕೆಲಸ ಮಂದವಾಗುತ್ತದೆ. ಕರು ಹಾಕಿದ ದಿನ ಗಿಣ್ಣು ಹಾಲಿಗೆ ಒಮ್ಮೆಲೇ ತುಂಬಾ ಬೇಕಾಗುತ್ತದೆ, ಆಗ ರಕ್ತದಲ್ಲಿ ಇಳಿದುಹೋಗುತ್ತದೆ. ಅದೇ ಹಾಲು ಜ್ವರ. ಮೂರನೇ ಕರುವಿನ ನಂತರದ, ಜಾಸ್ತಿ ಹಾಲಿನ ಹಸುಗಳಿಗೆ ಇದರ ಕಾಟ ಹೆಚ್ಚು. ಕುದುರೆ ಮಸಾಲೆಯಲ್ಲೂ ಕ್ಯಾಲ್ಸಿಯಂ ಜಾಸ್ತಿ. ಅಂದರೆ ಎರಡು ಕಡೆಯಿಂದಲೂ ನಾನೇ ತುಂಬಿಸಿದ್ದೆ.

ಈಗ ನಾನು ಮಾಡುವುದೇ ಬೇರೆ. ಗಬ್ಬಕ್ಕೆ ಇಂಜೆಕ್ಷನ್ ಹಾಕಿಸಿದ ತಾರೀಖು ಕ್ಯಾಲೆಂಡರಿನಲ್ಲಿ ಬರೆದು 280 ದಿನ ಎಣಿಸುತ್ತೇನೆ. ಅದಕ್ಕೆ 60 ದಿನ ಮುಂಚೆ ಹಾಲು ಬತ್ತಿಸಿ, ಕೆಚ್ಚಲು ಬಾವು ಬರದ ಹಾಗೆ ಮೊಲೆಗೆ ಔಷಧಿ ಟ್ಯೂಬ್ ಹಾಕಿಸುತ್ತೇನೆ. ಮೊದಲ ಐದು ವಾರ ದಿನಕ್ಕೆ ಎರಡು ಕೆಜಿ ಫೀಡ್, ತಿನ್ನುವಷ್ಟು ರಾಗಿ ಹುಲ್ಲು, ಮುಸುಕಿನ ಜೋಳದ ಹಸಿ ಮೇವು. ಕುದುರೆ ಮಸಾಲೆ ಹಾಲು ಕೊಡುವ ಹಸುಗಳ ಪಾಲಿಗೆ. ಪಕ್ಕೆಯ ಮೇಲೆ ಕೈ ಇಟ್ಟು ನೋಡುತ್ತೇನೆ. ಸ್ವಲ್ಪ ಒತ್ತಿದರೆ ಎಲುಬು ಸಿಗಬೇಕು, ದೂರದಿಂದ ಕಾಣಬಾರದು. ತೀರಾ ಕೊಬ್ಬಿದ ಹಸು ಕರು ಹಾಕಿದ ಮೇಲೆ ಮೇವು ಬಿಟ್ಟು ಸೊರಗುತ್ತದೆ.

ಕೊನೆಯ ಮೂರು ವಾರ ಫೀಡನ್ನು ಮೂರು ನಾಲ್ಕು ದಿನಕ್ಕೆ ಅರ್ಧ ಕೆಜಿಯಂತೆ ಏರಿಸಿ ಮೂರೂವರೆಗೆ ತರುತ್ತೇನೆ. ಕರು ಹಾಕಿದ ಮೇಲೆ ಯಾವ ಫೀಡ್ ಕೊಡುತ್ತೇನೋ ಅದೇ ಫೀಡ್. ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಅದಕ್ಕೆ ಒಗ್ಗಲು ಎರಡು ಮೂರು ವಾರ ಬೇಕು. ಕರು ಒತ್ತುವುದರಿಂದ ಹಸು ಒಂದೇ ಸಲ ಜಾಸ್ತಿ ತಿನ್ನಲಾರದು, ಅದಕ್ಕೇ ನಾಲ್ಕು ಸಲ ಹಂಚುತ್ತೇನೆ. ಟಾನಿಕ್ ಇಲ್ಲ. ಆ ಮೂರು ವಾರಕ್ಕೆ ಡಾಕ್ಟರು ಬೇರೆಯೇ ಖನಿಜ ಮಿಶ್ರಣ ಬರೆದುಕೊಡುತ್ತಾರೆ. ಅದರ ರುಚಿ ಹಸುಗಳಿಗೆ ಹಿಡಿಸುವುದಿಲ್ಲ, ಫೀಡಿನಲ್ಲಿ ಚೆನ್ನಾಗಿ ಕಲಸಬೇಕು.

ಕಡಸಿನ ಲೆಕ್ಕ ಬೇರೆ. ಗೌರಿಯ ಮಗಳು ಲಕ್ಷ್ಮಿಗೆ ಮೊದಲ ಗಬ್ಬ. ಚೊಚ್ಚಲಲ್ಲಿ ಹಾಲು ಜ್ವರ ಬರುವುದು ಅಪರೂಪ, ಆ ಖನಿಜ ಬೇಡ ಅಂದರು. ಆದರೆ ಕಡಸು ಹೊಟ್ಟೆಯ ಕರುವಿನ ಜೊತೆ ತಾನೂ ಬೆಳೆಯಬೇಕು, ಅಲ್ವಾ? ದೊಡ್ಡ ಹಸುಗಳ ಪಕ್ಕ ಕಟ್ಟಿದರೆ ಅವು ಹಾಯುತ್ತವೆ, ಇದು ಹಿಂದೆ ಸರಿದು ನಿಲ್ಲುತ್ತದೆ. ಅದಕ್ಕೇ ಬೇರೆ ಗೋದಲಿಯಲ್ಲಿ ಕಟ್ಟಿದೆ. ಹಾಗಂತ ಕೊಬ್ಬಿಸಲೂ ಇಲ್ಲ. ಕೊಬ್ಬಿದ ಕಡಸಿಗೆ ಕರು ಹೊರಬರುವ ದಾರಿ ಇಕ್ಕಟ್ಟಾಗುತ್ತದೆ.

ಎಂಟೂವರೆ ತಿಂಗಳಿಗೆ ಕೆಚ್ಚಲು ಬಾತುಕೊಂಡಿತು. ಬೆರಳಿಂದ ಒತ್ತಿದರೆ ಗುಳಿ ಹಾಗೇ ನಿಲ್ಲುತ್ತಿತ್ತು. ಡಾಕ್ಟರನ್ನು ಕೇಳಿ ಕಲಗಚ್ಚಿಗೆ ಹಾಕುವ ಉಪ್ಪು ನಿಲ್ಲಿಸಿದೆ. ‘ಉಪ್ಪಿಲ್ಲದೆ ಅದು ಮುಟ್ಟಲ್ಲ ಕಣೇ’ ಅಂದರು ಅತ್ತೆ. ನಿಜ, ಎರಡು ದಿನ ಮೂಸಿ ಬಿಟ್ಟಿತು. ಒಂದು ಹಿಡಿ ರಾಗಿ ಹಿಟ್ಟು ಕದಡಿ ಇಟ್ಟ ಮೇಲೆ ಕುಡಿಯಿತು. ಮೇವು ಹಾಕಿ, ತಿನ್ನುತ್ತಿರುವಾಗಲೇ ದಿನಾ ಕೆಚ್ಚಲು ಸವರುತ್ತಿದ್ದೆ. ಮೊದಲು ಒದೆಯುತ್ತಿತ್ತು, ಆಮೇಲೆ ಸುಮ್ನೆ ನಿಲ್ಲುವುದು ಕಲಿಯಿತು.

ಲಕ್ಷ್ಮಿ ಮಧ್ಯಾಹ್ನ ಕರು ಹಾಕಿದಳು, ಯಾರೂ ಎಳೆಯಬೇಕಾಗಲಿಲ್ಲ. ಅರ್ಧ ಗಂಟೆಗೆ ಕರುವಿಗೆ ಗಿಣ್ಣು ಹಾಲು ಕುಡಿಸಿದೆ. ಸಂಜೆಯೊಳಗೆ ಕಸವೂ ಬಿತ್ತು. ಗೌರಿ ನಾಲ್ಕನೇ ಕರು ಹಾಕಿದಾಗ ನಾನು ರಾತ್ರಿಯೆಲ್ಲಾ ಕೊಟ್ಟಿಗೆಯಲ್ಲೇ ಕೂತಿದ್ದೆ, ಗಂಟೆಗೊಮ್ಮೆ ಕಿವಿ ಮುಟ್ಟಿ ನೋಡುತ್ತಾ. ಬೆಚ್ಚಗೇ ಇತ್ತು. ಕ್ಯಾಲ್ಸಿಯಂ ಟಾನಿಕ್ ಬಾಟಲಿ ಈಗಲೂ ಮನೆಯಲ್ಲಿದೆ. ಡಾಕ್ಟರು ಹೇಳಿದ ಹಾಗೆ, ಕರು ನೆಲಕ್ಕೆ ಬಿದ್ದ ಮೇಲೆಯೇ ಅದನ್ನು ಕೆಳಗಿಳಿಸುತ್ತೇನೆ.