ಬಟ್ಟೆ ಬದಲಿಸುವ ಕೋಣೆ: ಫಲಕಕ್ಕಿಂತ ಗೋಡೆ ಮುಖ್ಯ

ಬೆಂಗಳೂರಿನ ಶಾಲೆಯೊಂದರ ಈಜುಕೊಳದ ಪಕ್ಕ ಹುಡುಗರಿಗೊಂದು, ಹುಡುಗಿಯರಿಗೊಂದು ಎಂದಿದ್ದ ಎರಡು ಹಾಲ್‌ಗಳನ್ನು ಒಡೆದು, ಯಾರು ಬೇಕಾದರೂ ಬಳಸಬಹುದಾದ 12 ಪುಟ್ಟ ಕೋಣೆಗಳನ್ನು ಮಾಡಿದೆವು. ಇಂಥ ಕೆಲಸದಲ್ಲಿ ಚರ್ಚೆಯೆಲ್ಲ ಬಾಗಿಲ ಮೇಲಿನ ಫಲಕದ ಬಗ್ಗೆಯೇ ನಡೆಯುತ್ತದೆ. ಫಲಕ ಬದಲಿಸಿ ಒಳಗೆ ಅದೇ ತೆರೆದ ಹಾಲ್ ಉಳಿಸಿದರೆ ಯಾವ ಮಗುವಿಗೂ ನೆಮ್ಮದಿಯಿಲ್ಲ.

2014ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಲಿಂಗತ್ವ ಅಲ್ಪಸಂಖ್ಯಾತರಿಗೆ ಪ್ರತ್ಯೇಕ ಸಾರ್ವಜನಿಕ ಶೌಚಾಲಯ ಒದಗಿಸಲು ಹೇಳಿತು. ಶಾಲೆಯಲ್ಲಿ ಅದೇ ಮಾದರಿಯಲ್ಲಿ ಒಂದು ಬೇರೆ ಕೋಣೆ ಕಟ್ಟಿದರೆ, ಅದರೊಳಗೆ ಹೋಗುವ ಮಗುವಿನ ವಿಷಯ ಇಡೀ ತರಗತಿಗೆ ಗೊತ್ತಾಗಿಬಿಡುತ್ತದೆ. ಹಾಗಾಗಿ ಗಾಲಿಕುರ್ಚಿಗೆಂದು ದೊಡ್ಡದಾಗಿ ಮಾಡಿದ ಒಂದನ್ನು ಬಿಟ್ಟು ಉಳಿದ 11 ಕೋಣೆಗಳೂ ಒಂದೇ ಥರ: 1000 ಮಿ.ಮೀ. ಅಗಲ, 1200 ಮಿ.ಮೀ. ಆಳ. ದೊಡ್ಡದರಲ್ಲಿ ಕುರ್ಚಿ ತಿರುಗಲು 1500 ಮಿ.ಮೀ. ವ್ಯಾಸದ ಜಾಗ, ಬಾಗಿಲಿನ ಅಗಲ 900 ಮಿ.ಮೀ.

ಕಾಂಟ್ರ್ಯಾಕ್ಟರ್‌ಗೆ ಬಿಟ್ಟರೆ ಮಾಲ್‌ನ ಟಾಯ್ಲೆಟ್ ಪಾರ್ಟಿಷನ್ನನ್ನೇ ತಂದು ನಿಲ್ಲಿಸುತ್ತಾರೆ. ಅದರ ಕೆಳಗೆ 150 ಮಿ.ಮೀ. ಸಂದು ಇರುತ್ತದೆ, ಫೋನ್ ತೂರಿಸಲು ಅಷ್ಟು ಧಾರಾಳ. ಮೇಲ್ಭಾಗವೂ ಅಷ್ಟೇ: ಬೆಂಚು ಹತ್ತಿ ಕೈಯೆತ್ತಿದರೆ 2400 ಮಿ.ಮೀ. ಗೋಡೆಯಾಚೆಗೂ ಫೋನ್ ಹೋಗುತ್ತದೆ. ಆದ್ದರಿಂದ 12 ಮಿ.ಮೀ. ದಪ್ಪದ ಎಚ್‌ಪಿಎಲ್ (ಒತ್ತಿ ಗಟ್ಟಿ ಮಾಡಿದ ಲ್ಯಾಮಿನೇಟ್) ಹಲಗೆಯನ್ನು ಸೂರಿನವರೆಗೂ ಕೊಂಡೊಯ್ದೆವು. ಪ್ಲೈವುಡ್ ಬೇಡವೇ ಬೇಡ, ತೇವಕ್ಕೆ ಉಬ್ಬುತ್ತದೆ. ಸೂರಿನವರೆಗೆ ಮುಚ್ಚಿದ ಮೇಲೆ ಗಾಳಿ, ಬೆಳಕು ಎರಡೂ ಸಾಯುತ್ತವೆ. ಪ್ರತಿ ಕೋಣೆಗೂ ಒಂದು ದೀಪ, ಒಂದು ಎಕ್ಸಾಸ್ಟ್ ಫ್ಯಾನ್ ಕೊಡಲೇಬೇಕು. ಗಾಳಿ ಒಳಬರಲು ಬಾಗಿಲ ಬುಡದಲ್ಲಿ ಪಟ್ಟಿಗಳು; ಹೊರಗಿನಿಂದ ನೋಡಿದರೆ ಒಳಗಿನ ನೆಲ ಕೂಡ ಕಾಣದಂತೆ ಒಂದರ ಮೇಲೊಂದು ಬರುವ ಹಾಗೆ ಜೋಡಿಸಬೇಕು.

ನೆಲವೇ ಹೆಚ್ಚು ಕಾಡಿದ್ದು. ನೀರು ಹರಿಯಲು 80ಕ್ಕೆ 1ರಂತೆ ಇಳಿಜಾರು ಕೊಟ್ಟರೆ 1200 ಮಿ.ಮೀ. ಆಳದಲ್ಲಿ ನೆಲ 15 ಮಿ.ಮೀ. ಇಳಿಯುತ್ತದೆ. ಹಲಗೆಯ ಬುಡ ನೇರವಾಗಿದ್ದರೆ ಅದಕ್ಕೂ ನೆಲಕ್ಕೂ ನಡುವೆ ಹಿಂಬದಿಯಲ್ಲಿ 10 ಮಿ.ಮೀ. ಇದ್ದ ಸಂದು ಮುಂಬದಿಯಲ್ಲಿ 25 ಆಗುತ್ತದೆ. ಹಲಗೆಯನ್ನು ಇಳಿಜಾರಿಗೆ ತಕ್ಕಂತೆ ಓರೆಯಾಗಿಯೇ ಕತ್ತರಿಸಬೇಕು. ಟೈಲ್ಸ್ ಒರಟಾಗಿರಲಿ: ಜಾರುವುದಷ್ಟೇ ಅಲ್ಲ, ನುಣುಪು ಟೈಲ್ಸ್ ಒದ್ದೆಯಾದಾಗ ಪಕ್ಕದ ಕೋಣೆಯವರ ಪ್ರತಿಬಿಂಬ ಸಂದಿನಲ್ಲಿ ಕಾಣುತ್ತದೆ. ಕ್ಲೋರಿನ್ ಹವೆಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೂಡ ಕಲೆಗಟ್ಟುತ್ತದೆ, ಕೀಲು ಚಿಲಕಕ್ಕೆ 316 ದರ್ಜೆಯದ್ದು ಹಾಕಿಸಿ.

ಬಾಗಿಲು ಹೊರಕ್ಕೆ ತೆರೆಯಬೇಕು, ಚಿಲಕವನ್ನು ಹೊರಗಿನಿಂದ ನಾಣ್ಯದಲ್ಲಿ ತಿರುಗಿಸುವಂತಿರಬೇಕು. ಒಳಗೆ ಮಗು ಕುಸಿದು ಬಾಗಿಲಿಗೆ ಒರಗಿಬಿದ್ದರೂ ತೆಗೆಯಲು ಬರುತ್ತದೆ. ಎಲ್ಲ ಬಾಗಿಲುಗಳೂ 1.8 ಮೀಟರ್ ಅಗಲದ ಮೊಗಸಾಲೆಗೆ ತೆರೆದುಕೊಳ್ಳುತ್ತವೆ. ಮಕ್ಕಳನ್ನು ನೋಡಿಕೊಳ್ಳುವ ಆಯಾ ಕೂರುವ ಜಾಗದಿಂದ ಅದು ನೇರವಾಗಿ ಕಾಣುತ್ತದೆ. ಪೋಷಕರಿಗೆ ಧೈರ್ಯ ತಂದದ್ದು ಇದೇ. ಕನ್ನಡಿ, ಕೈ ತೊಳೆಯುವ ಬೇಸಿನ್ ಮೊಗಸಾಲೆಯಲ್ಲಿ. ಪ್ಯಾಡ್ ಹಾಕುವ ಮುಚ್ಚಳದ ಡಬ್ಬಿ ಎಲ್ಲ ಕೋಣೆಗಳಲ್ಲೂ.

ಲೆಕ್ಕ ಮೊದಲೇ ಹಾಕಿ. 12 ಕೋಣೆಗೆ 24 ಮಕ್ಕಳ ಬ್ಯಾಚ್ ಆದರೆ ಐದೈದು ನಿಮಿಷದ ಎರಡು ಸರದಿ ಸಾಕು. 40 ಮಕ್ಕಳ ಪಿ.ಟಿ. ಪೀರಿಯಡ್‌ಗೆ ನಾಲ್ಕು ಸರದಿ ಬೇಕಾಗಿ 20 ನಿಮಿಷ ಹಾಳು. ಪಿ.ಟಿ. ಇರುವ ದಿನ ಮಕ್ಕಳು ಮನೆಯಿಂದಲೇ ಆಟದ ಸಮವಸ್ತ್ರದಲ್ಲಿ ಬರಲಿ.

ಮುಗಿದ ಕೆಲಸವನ್ನು ಒಪ್ಪಿಕೊಳ್ಳುವ ಮುನ್ನ ಮೊಗಸಾಲೆಯ ದೀಪ ಆರಿಸಿ, ಕೋಣೆಗಳ ದೀಪ ಮಾತ್ರ ಉರಿಸಿ, ಬಾಗಿಲು ಹಾಕಿ ಮೊಗಸಾಲೆಯುದ್ದಕ್ಕೂ ನಡೆದು ನೋಡಿ. ಕೀಲಿನ ಬದಿ, ಸ್ಕ್ರೂ ತೂತು, ಗಾಳಿಯ ಪಟ್ಟಿಗಳನ್ನು ಬಿಟ್ಟು ಎಲ್ಲೇ ಬೆಳಕಿನ ಗೆರೆ ಕಂಡರೂ ಅಲ್ಲಿ ರಬ್ಬರ್ ಪಟ್ಟಿ ಅಥವಾ ಸಿಲಿಕೋನ್ ಹಾಕಿಸಿ. ತಿಂಗಳಿಗೊಮ್ಮೆ ಇದನ್ನೇ ಮತ್ತೆ ಮಾಡಿ, ಸ್ಕ್ರೂಗಳು ಸಡಿಲವಾಗುತ್ತಲೇ ಇರುತ್ತವೆ.