ಕ್ಲೌಡ್ ಬಿಲ್ ಇಳಿಸಬೇಕಾ? ರಾತ್ರಿ ಏನೇನು ಓಡುತ್ತಿದೆ, ಮೊದಲು ನೋಡಿ

ಗಂಗಾವತಿ ಸುತ್ತಲಿನ ರೈಸ್ ಮಿಲ್‌ಗಳಿಗೆ ನಾವು ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಒಂಬತ್ತು ಜನರ ಕಂಪನಿ. ಭತ್ತದ ಲಾರಿ ವೇಬ್ರಿಜ್ ಏರಿದ ಕೂಡಲೇ ತೂಕ, ಫೋಟೋ ಎರಡೂ ಅಮೆಜಾನ್‌ನ ಮುಂಬೈ ಕ್ಲೌಡ್‌ಗೆ ಹೋಗುತ್ತವೆ. ಅದರ ಬಿಲ್ ನೋಡುವ ಕೆಲಸ ನನ್ನದು. ಎರಡು ವರ್ಷ ಕೊನೆಯ ಮೊತ್ತವನ್ನಷ್ಟೇ ನೋಡಿ ದುಡ್ಡು ಕಟ್ಟಿಸಿದೆ. ನೀವು ಹಾಗೆ ಮಾಡಬೇಡಿ.

ಅಮೆಜಾನ್ ಖಾತೆಯಲ್ಲೇ ಖರ್ಚಿನ ವಿವರ ತೋರಿಸುವ ಕಾಸ್ಟ್ ಎಕ್ಸ್‌ಪ್ಲೋರರ್ ತೆರೆದು ಖರ್ಚನ್ನು ‘ಯೂಸೇಜ್ ಟೈಪ್’ (ಬಳಕೆಯ ಬಗೆ) ಪ್ರಕಾರ ವಿಂಗಡಿಸಿ. ‘ಸರ್ವಿಸ್’ ಪ್ರಕಾರ ನೋಡಿದರೆ ‘ಇಸಿ2-ಅದರ್’ ಅಂತ ಒಂದು ಸಾಲು ಬರುತ್ತದೆ (ಇಸಿ2 ಅಂದರೆ ಅಮೆಜಾನ್‌ನ ಬಾಡಿಗೆ ಸರ್ವರ್ ಸೇವೆ), ಒಳಗೇನಿದೆ ತಿಳಿಯುವುದಿಲ್ಲ. ಯೂಸೇಜ್ ಟೈಪ್‌ನಲ್ಲಿ ಡಿಸ್ಕ್, ಸ್ನ್ಯಾಪ್‌ಶಾಟ್ (ಆ ಹೊತ್ತಿನ ಡೇಟಾದ ನಕಲು), ನ್ಯಾಟ್ ಗೇಟ್‌ವೇ (ಒಳಗಿನ ಸರ್ವರ್‌ಗಳು ಇಂಟರ್ನೆಟ್‌ಗೆ ಹೋಗುವ ದಾರಿ) ಎಲ್ಲ ಬೇರೆ ಬೇರೆ ಕಾಣುತ್ತವೆ.

ನಮ್ಮಲ್ಲಿ ಜಾಸ್ತಿ ದುಡ್ಡು ಸೋರುತ್ತಿದ್ದದ್ದು ಟೆಸ್ಟಿಂಗ್ ಸರ್ವರ್‌ಗಳಲ್ಲಿ. ವಾರಕ್ಕೆ 168 ಗಂಟೆ. ನಾವು ಐದು ದಿನ, ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಬಳಸಿದರೂ 60 ಗಂಟೆಯೇ. ಉಳಿದ 108 ಗಂಟೆ ಸುಮ್ನೆ ಓಡುತ್ತಿದ್ದವು. ಈಗ ಹೊತ್ತಿಗೆ ಸರಿಯಾಗಿ ತಾವೇ ನಿಲ್ಲುವಂತೆ ಶೆಡ್ಯೂಲ್ ಹಾಕಿದ್ದೇವೆ. ಸರ್ವರ್ ನಿಂತರೂ ಅದರ ಡಿಸ್ಕಿನ ಬಾಡಿಗೆ ನಿಲ್ಲುವುದಿಲ್ಲ, ನೆನಪಿಡಿ. ಅಮೆಜಾನ್ ನಡೆಸಿಕೊಡುವ ಆರ್‌ಡಿಎಸ್ ಡೇಟಾಬೇಸ್ ಅಂತೂ ನಿಲ್ಲಿಸಿ 7 ದಿನ ಕಳೆದರೆ ತಾನೇ ಮತ್ತೆ ಶುರುವಾಗುತ್ತದೆ. ನಾನು ನಿಲ್ಲಿಸಿ ಮರೆತಿದ್ದೆ, ತಿಂಗಳ ಬಿಲ್ ಬಂದಾಗಲೇ ಗೊತ್ತಾಯಿತು. ತುಂಬಾ ದಿನ ಬೇಡವಾದರೆ ಸ್ನ್ಯಾಪ್‌ಶಾಟ್ ತೆಗೆದು ಡೇಟಾಬೇಸನ್ನು ಅಳಿಸಿಬಿಡಿ.

ಆಮೇಲೆ ಸಿಕ್ಕಿದ್ದು ನ್ಯಾಟ್ ಗೇಟ್‌ವೇ. ನಮ್ಮ ಸರ್ವರ್‌ಗಳಿಂದ ಎಸ್3ಗೆ (ಅಮೆಜಾನ್‌ನ ಫೈಲ್ ಸಂಗ್ರಹ ಸೇವೆ) ಹೋಗುವ ಪ್ರತಿ ಫೋಟೋ ಅದರ ಮೂಲಕವೇ ಹಾದುಹೋಗುತ್ತಿತ್ತು, ಜಿಬಿ ಲೆಕ್ಕದಲ್ಲಿ ದುಡ್ಡು ಬೀಳುತ್ತಿತ್ತು. ಎಸ್3ಗೆ ‘ಗೇಟ್‌ವೇ ಎಂಡ್‌ಪಾಯಿಂಟ್’ ಎಂಬ ನೇರ ದಾರಿ ಹಾಕಿಕೊಂಡರೆ ಆ ಖರ್ಚಿಲ್ಲ, ಎಂಡ್‌ಪಾಯಿಂಟ್ ಉಚಿತ. ಯಾಕೆ ಇಷ್ಟು ದಿನ ಮಾಡಿರಲಿಲ್ಲ ಅಂತ ಬೇಸರವಾಯಿತು.

ಇಂಟರ್ನೆಟ್‌ನಿಂದ ಸರ್ವರ್ ತಲುಪಲು ಬೇಕಾದ ಪಬ್ಲಿಕ್ ಐಪಿ ವಿಳಾಸಗಳನ್ನೂ ಎಣಿಸಿ. 2024ರ ಫೆಬ್ರವರಿಯಿಂದ ಪ್ರತಿ ಐಪಿವಿ4 ವಿಳಾಸಕ್ಕೆ ಗಂಟೆಗೆ 0.005 ಡಾಲರ್. 30 ದಿನದ ತಿಂಗಳಿಗೆ 3.6 ಡಾಲರ್, ಬಳಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಡಿಸ್ಕ್ ಹಳೆಯ ಜಿಪಿ2 ಬಗೆಯದಿದ್ದರೆ ಹೊಸ ಜಿಪಿ3ಗೆ ಬದಲಿಸಿ. ಜಿಬಿ ದರ ಸುಮಾರು 20% ಕಡಿಮೆ, ಸರ್ವರ್ ನಿಲ್ಲಿಸಬೇಕಿಲ್ಲ. ಕ್ಲೌಡ್‌ವಾಚ್ ಲಾಗ್‌ಗಳು (ಸರ್ವರ್‌ಗಳ ಕೆಲಸದ ದಾಖಲೆ) ನೀವಾಗಿ ಅವಧಿ ಹಾಕದಿದ್ದರೆ ಎಂದಿಗೂ ಅಳಿಯುವುದಿಲ್ಲ. ನಾವು 30 ದಿನ ಇಟ್ಟಿದ್ದೇವೆ.

ಹಳೆಯ ಫೋಟೋಗಳನ್ನು ಸ್ಟ್ಯಾಂಡರ್ಡ್-ಐಎಗೆ (ಅಪರೂಪಕ್ಕೆ ತೆರೆಯುವ ಫೈಲುಗಳಿಗಾಗಿ ಎಸ್3ಯ ಅಗ್ಗದ ವಿಭಾಗ) ಕಳಿಸುವಾಗ ಹುಷಾರು. ಅಲ್ಲಿ 128 ಕೆಬಿಗಿಂತ ಚಿಕ್ಕ ಫೈಲಿಗೂ 128 ಕೆಬಿಯ ಲೆಕ್ಕವೇ. ಅದಕ್ಕೆ ಚಿಕ್ಕ ಚಿತ್ರಗಳನ್ನು ನಾವು ಮುಟ್ಟಲಿಲ್ಲ.

ಸೇವಿಂಗ್ಸ್ ಪ್ಲಾನ್, ಅಂದರೆ ಇಷ್ಟು ಬಳಸುತ್ತೇವೆ ಅಂತ ಮೊದಲೇ ಒಪ್ಪಿ ರಿಯಾಯಿತಿ ಪಡೆಯುವುದು, ಎಲ್ಲಕ್ಕಿಂತ ಕೊನೆಗೆ. ಮೂರು ವರ್ಷಕ್ಕೆ ಒಪ್ಪಿಕೊಂಡರೆ ರಿಯಾಯಿತಿ ಜಾಸ್ತಿ ನಿಜ, ಆದರೆ ಬಳಸಲಿ ಬಿಡಲಿ, ಒಪ್ಪಿದ ಮೊತ್ತ ಗಂಟೆ ಗಂಟೆಗೂ ಕಟ್ಟಬೇಕು ಅಲ್ವಾ? ಮೊದಲು ಬೇಡದ್ದನ್ನು ತೆಗೆಯಿರಿ, ಆಮೇಲೆ ಅಳತೆ ಮಾಡಿ. ನಮ್ಮ ಕಡೆ ಭತ್ತ ಬರುವುದು ನವೆಂಬರ್-ಡಿಸೆಂಬರ್, ಮತ್ತೆ ಏಪ್ರಿಲ್-ಮೇ. ಆಗಸ್ಟ್‌ನಲ್ಲಿ ಮಿಲ್‌ಗಳು ತಣ್ಣಗಿರುತ್ತವೆ. ಆ ತಿಂಗಳ ಬಳಕೆ ಎಷ್ಟೋ ಅಷ್ಟಕ್ಕೇ ಒಂದು ವರ್ಷದ ಪ್ಲಾನ್ ತಗೊಂಡಿದ್ದೇವೆ. ಸೀಸನ್‌ನಲ್ಲಿ ಬೇಕಾಗುವ ಹೆಚ್ಚಿನ ಸರ್ವರ್‌ಗಳಿಗೆ ಪೂರ್ತಿ ದರ ಕೊಟ್ಟು, ಲಾರಿ ಸಾಲು ಕರಗಿದ ಮೇಲೆ ತೆಗೆದುಬಿಡುತ್ತೇವೆ.

ಬ್ಯಾಕಪ್‌ಗೆ ಮಾತ್ರ ನಾನು ಕೈ ಹಾಕಿಲ್ಲ. ರೈತರು ತಂದ ಭತ್ತದ ತೂಕವೆಲ್ಲ ಅದರಲ್ಲಿದೆ.