ಥ್ರಾಟಲ್ ಬಾಡಿಗೆ ಟೆಸ್ಟ್ ಬೆಂಚ್ ಕಟ್ಟುವುದು ಹೇಗೆ?

ಥ್ರಾಟಲ್ ಬಾಡಿ ಅಂದರೆ ಒಂದು ಪ್ಲೇಟ್ ತಿರುಗಿಸಿ ಇಂಜಿನ್ನಿಗೆ ಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಭಾಗ. ಎಲೆಕ್ಟ್ರಾನಿಕ್ ಬಗೆಯಲ್ಲಿ ಪ್ಲೇಟ್ ತಿರುಗಿಸುವುದು ಮೋಟಾರ್, ಅದು ಎಷ್ಟು ತೆರೆದಿದೆ ಅಂತ ಎರಡು ಸಿಗ್ನಲ್‌ಗಳಲ್ಲಿ ಹೇಳುವುದು ಸೆನ್ಸರ್. ಈ ಪ್ರಾಜೆಕ್ಟ್ ಹಿಡಿದ ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಹಲವರು ಎಡವುವುದು ಒಂದೇ ಕಡೆ. ಸೆನ್ಸರ್ ಏನು ಹೇಳುತ್ತಿದೆ ಅಂತ ನೋಡುವ ಮೊದಲೇ ಮೋಟಾರಿಗೆ ಕರೆಂಟ್ ಕೊಡುತ್ತಾರೆ.

ಸಾಮಾನು: ಆರು ಪಿನ್ನಿನ ಹಳೇ ಥ್ರಾಟಲ್ ಬಾಡಿ, ಆರ್ಡುಯಿನೊ ಊನೊ (ಪ್ರೋಗ್ರಾಮ್ ಹಾಕಬಹುದಾದ ಪುಟ್ಟ ಬೋರ್ಡ್), 12 ವೋಲ್ಟ್ 10 ಆಂಪಿಯರ್ ಸಪ್ಲೈ, ಫ್ಯೂಸ್, ಕೆಂಪು ಸ್ಟಾಪ್ ಬಟನ್. ಗುಜರಿಯಲ್ಲಿ ಕೊಳ್ಳುವಾಗ ಕನೆಕ್ಟರನ್ನು ಗೇಣುದ್ದ ವೈರ್ ಸಮೇತ ಕತ್ತರಿಸಿಕೊಡಲು ಹೇಳಿ. ಬೋರ್ಡಿನ ಮಾತಿನಂತೆ ಮೋಟಾರಿಗೆ ಕರೆಂಟ್ ಕೊಡುವ ಡ್ರೈವರ್ ಬಿಟಿಎಸ್7960 ಇರಲಿ. ಅಗ್ಗಕ್ಕೆ ಸಿಗುವ ಎಲ್298 ಖಂಡಿತ ಬೇಡ. ಅದು ವೋಲ್ಟೇಜ್ ನುಂಗುತ್ತದೆ, ಸುಮ್ನೆ ಬಿಸಿಯಾಗುತ್ತದೆ.

ಬಾಡಿಯನ್ನು ಹಲಗೆಗೆ ಬೋಲ್ಟ್ ಹಾಕಿ ಬಿಗಿಯಿರಿ. ಮೋಟಾರ್ ಗ್ರೌಂಡ್ ಮತ್ತು ಸೆನ್ಸರ್ ಗ್ರೌಂಡ್ ಬೇರೆ ಬೇರೆ ವೈರಿನಲ್ಲಿ ಬಂದು ಒಂದೇ ಕಡೆ ಸೇರಲಿ.

ಈಗ ಅವಸರ ಬೇಡ. ಮೋಟಾರ್ ವೈರ್ ಬಿಚ್ಚಿಟ್ಟು, ಸೆನ್ಸರಿಗೆ ಮಾತ್ರ 5 ವೋಲ್ಟ್ ಕೊಡಿ. ಮರದ ಕಡ್ಡಿಯಿಂದ ಪ್ಲೇಟ್ ತಳ್ಳಿ, ಬೆರಳು ಹಾಕಲೇಬೇಡಿ. ಪೂರ್ತಿ ಮುಚ್ಚಿದಾಗ, ಮುಟ್ಟದೆ ಬಿಟ್ಟಾಗ, ಪೂರ್ತಿ ತೆರೆದಾಗ ಎರಡೂ ಸಿಗ್ನಲ್ ಬರೆದುಕೊಳ್ಳಿ. ಮುಟ್ಟದಿದ್ದಾಗ ಪ್ಲೇಟ್ ಪೂರ್ತಿ ಮುಚ್ಚಿರುವುದಿಲ್ಲ, ಸ್ವಲ್ಪ ತೆರೆದಿರುತ್ತದೆ. ಕರೆಂಟ್ ಹೋದರೂ ಗಾಡಿ ನಿಧಾನಕ್ಕೆ ಗ್ಯಾರೇಜ್ ಸೇರಲಿ ಅಂತ ಈ ಏರ್ಪಾಡು. ಹಲವು ಮಾಡೆಲ್‌ಗಳಲ್ಲಿ ಒಂದು ಸಿಗ್ನಲ್ ಏರಿದರೆ ಇನ್ನೊಂದು ಇಳಿಯುತ್ತದೆ, ಕೂಡಿದರೆ ಹತ್ತಿರ ಹತ್ತಿರ 5 ವೋಲ್ಟ್. ಎಲ್ಲದರಲ್ಲೂ ಹೀಗಿಲ್ಲ. ಇಂಟರ್ನೆಟ್ಟಿನ ಪಟ್ಟಿ ನಂಬಬೇಡಿ, ನಿಮ್ಮದನ್ನೇ ಅಳೆಯಿರಿ.

ಪಿಐಡಿ ಅಂದರೆ ಪ್ಲೇಟ್ ಇರಬೇಕಾದ ಜಾಗಕ್ಕೂ ಇರುವ ಜಾಗಕ್ಕೂ ಇರುವ ವ್ಯತ್ಯಾಸ ನೋಡಿ ಮೋಟಾರನ್ನು ತಿದ್ದುವ ಲೆಕ್ಕ. ಅದರ ಟ್ಯೂನಿಂಗ್ ಕೆಡುವುದೂ ಮುಟ್ಟದಿದ್ದಾಗ ಪ್ಲೇಟ್ ನಿಲ್ಲುವ ಆ ನಡುವಿನ ಜಾಗದಲ್ಲೇ. ಅದಕ್ಕಿಂತ ಮೇಲೆ ಸ್ಪ್ರಿಂಗ್ ಮುಚ್ಚಲು ಎಳೆಯುತ್ತದೆ, ಕೆಳಗೆ ತೆರೆಯಲು ತಳ್ಳುತ್ತದೆ. ಅಲ್ಲಿ ಪ್ಲೇಟ್ ನಿಲ್ಲದೆ ಅತ್ತಿತ್ತ ಓಲಾಡುತ್ತದೆ. ಗೇನ್ (ತಿದ್ದುವಿಕೆಯ ಜೋರು) ಜಾಸ್ತಿ ಮಾಡಿದರೆ ಓಲಾಟವೂ ಜಾಸ್ತಿ, ಅಲ್ವಾ? ಅದರ ಬದಲು ಪಿಡಬ್ಲ್ಯೂಎಂ (ಕರೆಂಟನ್ನು ಬೇಗಬೇಗ ಆನ್-ಆಫ್ ಮಾಡಿ ಮೋಟಾರಿನ ಜೋರು ಹೊಂದಿಸುವ ವಿಧಾನ) ಅನ್ನು ಸೊನ್ನೆಯಿಂದ ಮೆಲ್ಲಗೆ ಏರಿಸಿ. ಎರಡೂ ದಿಕ್ಕಿಗೆ ಪ್ಲೇಟ್ ಎಷ್ಟಕ್ಕೆ ಅಲುಗಿತು ಅಂತ ಗುರುತು ಹಾಕಿ. ಆಯಾ ದಿಕ್ಕಿಗೆ ಅಷ್ಟನ್ನು ನೇರವಾಗಿ ಸೇರಿಸಿ, ಉಳಿದ ಸಣ್ಣ ತಿದ್ದುವಿಕೆ ಮಾತ್ರ ಪಿಐಡಿಗೆ ಬಿಡಿ. ಪಿಐಡಿಯಲ್ಲಿ ಹಿಂದಿನ ವ್ಯತ್ಯಾಸಗಳನ್ನು ಕೂಡಿಸುತ್ತಾ ಹೋಗುವ ಇಂಟಿಗ್ರಲ್ಲಿಗೆ ಮಿತಿ ಹಾಕಲೇಬೇಕು.

ಆರ್ಡುಯಿನೊದ ಮಾಮೂಲಿ ಪಿಡಬ್ಲ್ಯೂಎಂ ವೇಗವಾದ 490 ಹರ್ಟ್ಜ್‌ಗೆ ಮೋಟಾರ್ ಗುಂಯ್‌ಗುಡುತ್ತದೆ. ಅದರೊಳಗಿನ ಟೈಮರ್ 1 ಬಳಸಿ 20 ಕಿಲೋಹರ್ಟ್ಜ್‌ಗೆ ಏರಿಸಿ.

ಎರಡು ಸಿಗ್ನಲ್‌ಗಳ ಲೆಕ್ಕ ತಪ್ಪಿದರೆ ಮೋಟಾರ್ ನಿಲ್ಲಿಸುವ ಸಾಲು ಪ್ರೋಗ್ರಾಮಿನಲ್ಲಿ ಇರಲಿ. ಆಕ್ಸಿಲರೇಟರ್ ಪೆಡಲ್ ಜೋಡಿಸುವ ಮುನ್ನ, ಮೋಟಾರ್ ಓಡುತ್ತಿರುವಾಗಲೇ ಸೆನ್ಸರಿನ ಒಂದು ಸಿಗ್ನಲ್ ವೈರ್ ಕಿತ್ತು ನೋಡಿ. ಪ್ಲೇಟ್ ತಕ್ಷಣ ಮುಟ್ಟದಿದ್ದಾಗಿನ ತನ್ನ ಜಾಗಕ್ಕೆ ಬರದಿದ್ದರೆ ಪೆಡಲ್ ಜೋಡಿಸಬೇಡಿ.